ಹದಿನಾಲ್ಕು ಸಲ ಗೋಡೆ, ಒಂದೇ ಸಲ ಲಾರಿ

ಷಡ್ಡಕ ಎಂಬ ಸಂಬಂಧವನ್ನು ಯಾರು ಹುಟ್ಟುಹಾಕಿದರೋ ಗೊತ್ತಿಲ್ಲ. ಅಣ್ಣತಮ್ಮಂದಿರು ಜಗಳವಾಡಲು ಆಸ್ತಿ ಬೇಕು, ಅಕ್ಕಪಕ್ಕದವರು ಜಗಳವಾಡಲು ಕಾಂಪೌಂಡು ಬೇಕು. ಷಡ್ಡಕರಿಗೆ ಅತ್ತೆಯ ಬಾಯಿಂದ ಬಿದ್ದ ಒಂದು ‘ಪರವಾಗಿಲ್ಲ’ ಸಾಕು. ಅದು ಒಬ್ಬನ ಕಡೆ ಬಿದ್ದರೆ ಇನ್ನೊಬ್ಬನಿಗೆ ಉಂಡದ್ದು ಅರಗುವುದಿಲ್ಲ.

ನಮ್ಮ ಮೇಷ್ಟ್ರಿಗೆ ಹನ್ನೊಂದು ವರ್ಷಗಳಿಂದ ಅರಗಿರಲಿಲ್ಲ. ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ಕಾರು ಕಲಿಸುವ ಮೇಷ್ಟ್ರು. ಅವರ ಹೆಂಡತಿಯ ತಂಗಿಯನ್ನು ಮದುವೆಯಾದವನು ಕನ್ನಡಕದ ಅಂಗಡಿಯವನು. ಅವನಿಗೆ ಸ್ವಂತ ಮನೆ, ಮೇಷ್ಟ್ರಿಗೆ ಬಾಡಿಗೆ ಮನೆ. ಅವನಿಗೆ ತಲೆತುಂಬ ಕೂದಲಿತ್ತು, ಮೇಷ್ಟ್ರಿಗೆ ಕೂದಲಿನ ನೆನಪಿತ್ತು. ಅವನು ನಕ್ಕರೆ ಅತ್ತೆಯೂ ನಗುತ್ತಿದ್ದರು, ಮೇಷ್ಟ್ರು ನಕ್ಕರೆ “ಯಾಕೆ, ಏನಾಯ್ತು?” ಎಂದು ಕೇಳುತ್ತಿದ್ದರು. ಹೀಗೆ ಎಲ್ಲ ಬಾಬತ್ತಿನಲ್ಲೂ ಹಿಂದೆ ಬಿದ್ದ ಮೇಷ್ಟ್ರಿಗೆ ದೇವರು ಒಂದು ಕಡೆ ಮಾತ್ರ ಕೈಹಿಡಿದಿದ್ದ. ಕನ್ನಡಕದವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ.

ಚಕ್ರವಿರುವ ಯಾವ ವಸ್ತುವಿನ ವಿಷಯದಲ್ಲೂ ಆ ಕುಟುಂಬದಲ್ಲಿ ಮೇಷ್ಟ್ರ ಮಾತೇ ಕೊನೆಯ ಮಾತು. ಅತ್ತೆ ಸೂಟ್‌ಕೇಸು ಕೊಳ್ಳುವಾಗಲೂ, ಅದಕ್ಕೆ ಚಕ್ರವಿದೆ ಎಂಬ ಒಂದೇ ಕಾರಣಕ್ಕೆ, ಹಿರಿಯ ಅಳಿಯನಿಗೆ ಫೋನ್ ಮಾಡಿದ್ದರು. ಕನ್ನಡಕದವ ಎಲ್ಲಿಗೆ ಬಂದರೂ ಬಸ್ಸಿನಲ್ಲಿ ಬರುತ್ತಿದ್ದ. ಅವನು ಬಸ್ಸಿಳಿದು ಕರವಸ್ತ್ರದಿಂದ ಮುಖ ಒರೆಸಿಕೊಳ್ಳುವುದನ್ನು ಕಿಟಕಿಯಿಂದ ನೋಡುವುದು ಮೇಷ್ಟ್ರ ಬದುಕಿನ ಕೆಲವೇ ಖಚಿತವಾದ ಸುಖಗಳಲ್ಲಿ ಒಂದಾಗಿತ್ತು.

ಇಲ್ಲಿ ಒಂದು ಸತ್ಯವನ್ನು ಹೇಳಿಬಿಡಬೇಕು. ಮೇಷ್ಟ್ರು ಹತ್ತೊಂಬತ್ತು ವರ್ಷಗಳಿಂದ ಪಕ್ಕದ ಸೀಟಿನಲ್ಲಿ ಕೂತವರು. ಸ್ಟೀರಿಂಗು ಕಲಿಯುವವರ ಕೈಯಲ್ಲಿ, ಮೇಷ್ಟ್ರ ಕಾಲಡಿಯಲ್ಲಿ ಇನ್ನೊಂದು ಜೊತೆ ಬ್ರೇಕು, ಕ್ಲಚ್ಚು, ಉಳಿದದ್ದೆಲ್ಲ ಬಾಯಲ್ಲಿ. ಸ್ವಂತ ಕಾರಿಲ್ಲ, ಮನೆಗೆ ಹೋಗುವುದು ನಡೆದುಕೊಂಡು. ಅಂದರೆ ಹತ್ತೊಂಬತ್ತು ವರ್ಷ ಅವರು ಕಾರನ್ನು ಓಡಿಸಿದ್ದು ಬಾಯಿಂದ. ಈ ಸಂಗತಿ ಅವರಿಗೇ ಗೊತ್ತಿರಲಿಲ್ಲ, ಆ ಭಾನುವಾರದ ತನಕ.

ಆ ಭಾನುವಾರ ಕನ್ನಡಕದವ ಎಲ್ಲರನ್ನೂ ಊಟಕ್ಕೆ ಕರೆದಿದ್ದ. ಊಟವಾದ ಮೇಲೆ ಒಂದು ಕೋಣೆಯ ಬಾಗಿಲು ತೆಗೆದ. ಮೊದಲು ಅಲ್ಲಿ ಇಸ್ತ್ರಿ ಮಾಡುವ ಮೇಜಿತ್ತು. ಈಗ ಮೂರು ದೊಡ್ಡ ಪರದೆ, ಒಂದು ಕಬ್ಬಿಣದ ಚೌಕಟ್ಟು, ಅದರಲ್ಲಿ ಅರ್ಧ ಮಲಗಿದ ಹಾಗೆ ಒಂದು ಸೀಟು, ಮುಂದೆ ಸ್ಟೀರಿಂಗು, ಕೆಳಗೆ ಮೂರು ಪೆಡಲ್ಲು.

“ಇದೆಂಥದು?” ಎಂದರು ಮೇಷ್ಟ್ರು, ಎಂಥದೆಂದು ಗೊತ್ತಾದ ಮೇಲೆ.

“ಕಾರ್ ರೇಸಿನ ಸಿಮ್ಯುಲೇಟರು ಅಣ್ಣ. ಆಟ ಅಂದ್ಕೋಬೇಡಿ, ಎಲ್ಲಾ ನಿಜವಾದ್ದೇ. ಟೈರು ಬಿಸಿ ಆಗತ್ತೆ, ಸವೆಯತ್ತೆ. ಪೆಟ್ರೋಲು ಖಾಲಿ ಆದ ಹಾಗೆ ಗಾಡಿ ಹಗುರ ಆಗತ್ತೆ.”

“ಹಾರ್ನ್ ಎಲ್ಲಿದೆ?”

“ರೇಸಲ್ಲಿ ಹಾರ್ನ್ ಇರಲ್ಲ ಅಣ್ಣ.”

“ಇಂಡಿಕೇಟರು?”

“ಇರಲ್ಲ.”

“ಮತ್ತೆ ಎಂಥ ನಿಜನಪ್ಪ ಅದು?” ಎಂದು ಮೇಷ್ಟ್ರು ಎಲ್ಲರ ಕಡೆ ತಿರುಗಿ ನಕ್ಕರು. “ಯಾಕೆ, ಏನಾಯ್ತು?” ಎಂದರು ಅತ್ತೆ.

ಕನ್ನಡಕದವ ಸೀಟಿನಲ್ಲಿ ಕೂತ. ಇಪ್ಪತ್ತನಾಲ್ಕು ಕಾರುಗಳ ಸ್ಪರ್ಧೆ. ಓಡಿಸುವವರು ಯಾವ ಯಾವುದೋ ದೇಶಗಳಲ್ಲಿ ತಮ್ಮ ತಮ್ಮ ಇಸ್ತ್ರಿ ಕೋಣೆಗಳಲ್ಲಿ ಕೂತವರು. ಅತ್ತೆ ಒಂದು ಕುರ್ಚಿ ಎಳೆದುಕೊಂಡು ಹಿಂದೆ ಕೂತರು, ಪ್ರತಿ ತಿರುವಿನಲ್ಲೂ ತಾವೂ ಒಂದು ಪಕ್ಕಕ್ಕೆ ವಾಲಿದರು. ನಾದಿನಿ ಗಂಡನ ಹಣೆಯ ಬೆವರು ಒರೆಸಿದಳು. ಕಾಲು ಗಂಟೆಯಲ್ಲಿ ಕನ್ನಡಕದವ ಮೂರನೆಯವನಾಗಿ ಬಂದ.

“ಅಬ್ಬಬ್ಬಾ! ಏನು ಓಡಿಸ್ತಾರೆ! ಪರದೇಶದವರನ್ನೆಲ್ಲ ಹಿಂದಾಕಿಬಿಟ್ರಲ್ಲ!” ಎಂದರು ಅತ್ತೆ. ಹನ್ನೊಂದು ವರ್ಷದಲ್ಲಿ ಮೇಷ್ಟ್ರ ಪಾಲಿಗೆ ಅತ್ತೆಯಿಂದ ಒಂದು ಅಬ್ಬಾ ಕೂಡ ಬಂದಿರಲಿಲ್ಲ. ಕಿರಿಯ ಅಳಿಯನಿಗೆ ಒಂದೇ ಉಸಿರಿನಲ್ಲಿ ಒಂದೂವರೆ.

“ಅಳಿಯಂದ್ರೇ, ನೀವೂ ಒಂದು ಕೈ ನೋಡಿ,” ಎಂದು ಅತ್ತೆ ಮೇಷ್ಟ್ರ ಕಡೆ ತಿರುಗಿದರು. “ ನಿಮಗಾದ್ರೆ ನೀರು ಕುಡಿದಷ್ಟು ಸುಲಭ.”

ಮೇಷ್ಟ್ರು ಚಪ್ಪಲಿ ಬಿಟ್ಟು ಕೂತರು. ಕನ್ನಡಿ ಸರಿಮಾಡಲು ಕೈ ಎತ್ತಿದರು, ಕನ್ನಡಿ ಪರದೆಯೊಳಗಿತ್ತು. ಸೀಟ್ ಬೆಲ್ಟ್ ಹುಡುಕಿದರು, ಸಿಗಲಿಲ್ಲ. ಕೊನೆಗೆ ಹೊರಟರು. ನೇರ ರಸ್ತೆಯಲ್ಲಿ ಮೇಷ್ಟ್ರು ರಾಜ. ನೂರು, ನೂರಿಪ್ಪತ್ತು, ನೂರ ಎಂಬತ್ತು. ಆದರೆ ಏನೋ ಕೊರತೆ. ನಿಜವಾದ ಕಾರಿನಲ್ಲಿ ವೇಗ ಮೊದಲು ಗೊತ್ತಾಗುವುದು ಕೂತ ಜಾಗಕ್ಕೆ, ಕಣ್ಣಿಗೆ ಆಮೇಲೆ. ಇಲ್ಲಿ ಕೂತ ಜಾಗ ಸೋಫಾದ ಮೇಲಿದ್ದ ಹಾಗೆ ನಿಶ್ಚಿಂತವಾಗಿತ್ತು. ಮುಂದೆ ತಿರುವು ಬಂತು.

“ಹಾಂ, ತಿರುವು ಬಂತು ನೋಡಿ,” ಎಂದರು ಮೇಷ್ಟ್ರು ಶಾಂತವಾಗಿ. “ಆಕ್ಸಿಲರೇಟರ್ ಬಿಡಿ. ಬ್ರೇಕು… ಮೆತ್ತಗೆ, ಮೆತ್ತಗೆ… ಈಗ ತಿರುಗಿಸಿ.”

ಯಾರೂ ತಿರುಗಿಸಲಿಲ್ಲ.

ನೂರ ಎಂಬತ್ತರ ವೇಗದಲ್ಲಿ ಗೋಡೆ ಪರದೆಯ ತುಂಬ ಬಂತು. ಮೇಷ್ಟ್ರ ಕಾಲು ಬ್ರೇಕಿನ ಮೇಲೆಯೇ ಇತ್ತು, ಆದರೆ ಕಲಿಯುವವರು ಮೊದಲು ಒತ್ತಲಿ, ಒತ್ತದಿದ್ದರೆ ಮಾತ್ರ ನಾನು ಎಂಬ ಹತ್ತೊಂಬತ್ತು ವರ್ಷದ ಸಂಯಮದಿಂದ ಅದು ಕಾಯುತ್ತಿತ್ತು.

“ಪರವಾಗಿಲ್ಲ ಅಣ್ಣ, ಟೈರು ಇನ್ನೂ ತಣ್ಣಗಿದ್ವು,” ಎಂದ ಕನ್ನಡಕದವ. ಕ್ಷಮಿಸುವವನ ದನಿ ಅದು. ಹೊಡೆದಿದ್ದರೂ ಮೇಷ್ಟ್ರು ಸಹಿಸುತ್ತಿದ್ದರು.

ಎರಡನೇ ಸಲ ಬ್ರೇಕು ಬೇಗ ಒತ್ತಿದರು. ಕಾರು ಬುಗುರಿಯಂತೆ ಸುತ್ತಿ ಹಿಂದುಮುಂದಾಗಿ ಅದೇ ಗೋಡೆಗೆ ಹೋಯಿತು. ನಾಲ್ಕನೇ ಸಲ ಹಿಂದಿನ ಕಾರಿಗೆ ದಾರಿ ಬಿಡಲು ಪಕ್ಕಕ್ಕೆ ಸರಿದರು, ಪಕ್ಕದಲ್ಲಿ ಗೋಡೆಯಿತ್ತು. ಒಂಬತ್ತನೇ ಸಲ ಮುಂದಿನ ಚಕ್ರ ಕಳಚಿ ಕಾರಿಗಿಂತ ಮುಂದೆ ಓಡಿತು. ಹದಿನಾಲ್ಕನೇ ಸಲ ಗೋಡೆಗೆ ಬಡಿದ ರಭಸಕ್ಕೆ ಸ್ಟೀರಿಂಗು ನಿಜವಾದ ಕಾರಿನ ಹಾಗೆಯೇ ಒದ್ದು ತಿರುಗಿ, ಮೇಷ್ಟ್ರ ಹೆಬ್ಬೆರಳು ಅದರ ಕಡ್ಡಿಗೆ ಸಿಕ್ಕಿ ಲಟಕ್ಕೆಂದಿತು.

“ಪಾಪ, ಎಬ್ಬಿಸ್ರಪ್ಪ ಅವರನ್ನ,” ಎಂದರು ಅತ್ತೆ. “ಓಡಿಸಿ ಅಭ್ಯಾಸ ಇಲ್ಲ.”

ಸೋಮವಾರ ಮೇಷ್ಟ್ರು ಹೆಬ್ಬೆರಳಿಗೆ ಬಿಳಿ ಪಟ್ಟಿ ಸುತ್ತಿಕೊಂಡು ಕೆಲಸಕ್ಕೆ ಹೋದರು. ಮೊದಲ ಪಾಠ ಬ್ಯಾಂಕಿನ ಕ್ಯಾಷಿಯರಮ್ಮನದು. ಈಕೆ ನಾಲ್ಕು ತಿಂಗಳಿಂದ ಕಲಿಯುತ್ತಿದ್ದರು, ಎರಡನೇ ಗೇರಿನ ಆಚೆ ಏನಿದೆ ಎಂದು ಇನ್ನೂ ನೋಡಿರಲಿಲ್ಲ. ಬಹಳ ಒಳ್ಳೆಯವರು. ಈ ಕಥೆಯಲ್ಲಿ ನಡೆದ ಅನಾಹುತಕ್ಕೆಲ್ಲ ಅವರ ಒಳ್ಳೆಯತನವೇ ಕಾರಣ.

“ಅಯ್ಯೋ, ಕೈಗೇನಾಯ್ತು ಮೇಷ್ಟ್ರೇ?”

“ತಿರುವಿನಲ್ಲಿ ಗಾಡಿ ಗೋಡೆಗೆ ಹೊಡೀತು,” ಎಂದರು ಮೇಷ್ಟ್ರು. ಇಲ್ಲಿಯವರೆಗೆ ಹೇಳಿದ್ದೆಲ್ಲ ನಿಜ. ಇನ್ನೊಂದೇ ಒಂದು ವಾಕ್ಯ ಸೇರಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಆ ವಾಕ್ಯದಲ್ಲಿ ಕನ್ನಡಕದವ ಬರುತ್ತಿದ್ದ, ಮೂರನೇ ಸ್ಥಾನ ಬರುತ್ತಿತ್ತು, ‘ಅಭ್ಯಾಸ ಇಲ್ಲ’ ಬರುತ್ತಿತ್ತು.

“ನೀವಾ? ನೀವು ಗೋಡೆಗಾ?” ಕ್ಯಾಷಿಯರಮ್ಮ ಸ್ಟೀರಿಂಗ್ ಬಿಟ್ಟು ಕೆನ್ನೆಗೆ ಕೈ ಇಟ್ಟುಕೊಂಡರು. ಮೇಷ್ಟ್ರು ತಮ್ಮ ಬ್ರೇಕು ಒತ್ತಿದರು. “ಸಾಧ್ಯಾನೇ ಇಲ್ಲ. ಏನೋ ಅಡ್ಡ ಬಂದಿರಬೇಕು.”

ಮೇಷ್ಟ್ರು ಕಿಟಕಿಯಾಚೆ ನೋಡಿದರು. ಎದುರಿನಿಂದ ಒಂದು ಲಾರಿ ಬರುತ್ತಿತ್ತು.

“ಲಾರಿ,” ಎಂದರು.

“ನಿಮ್ಮ ಜೊತೆ ಯಾರಿದ್ರು?”

“ನಮ್ಮ ಷಡ್ಡಕ,” ಎಂದರು. ಇದು ಮತ್ತೆ ನಿಜ.

ಸಂಜೆಗೆ ಲಾರಿ ಮೇಷ್ಟ್ರಿಗಿಂತ ಮೊದಲೇ ಅವರ ಬೀದಿಯನ್ನು ತಲುಪಿತ್ತು. ಮೇಲಿನ ಮನೆಯ ನಿವೃತ್ತ ಕಾಂಪೌಂಡರು ಮೆಟ್ಟಿಲ ಮೇಲೆಯೇ ಮೇಷ್ಟ್ರನ್ನು ನಿಲ್ಲಿಸಿ ಪಕ್ಕೆಲುಬುಗಳನ್ನು ಒಂದೊಂದಾಗಿ ಒತ್ತಿ ನೋಡಿದರು.

“ನೋಯತ್ತಾ?”

“ಇಲ್ಲ.”

“ಇಲ್ಲಿ?”

“ಇಲ್ಲ ಸಾರ್.”

“ನೋಯಲೇಬೇಕಲ್ಲ ಮಾರಾಯ್ರೇ, ಲಾರಿ ಅಂದ್ರೆ ಸಾಮಾನ್ಯಾನಾ?” ಎಂದು ಅವರು ಇನ್ನೊಮ್ಮೆ ಬಲವಾಗಿ ಒತ್ತಿದರು. ಈಗ ನೋಯಿತು. ಕಾಂಪೌಂಡರಿಗೆ ಸಮಾಧಾನವಾಯಿತು.

ಒಳಗೆ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಯಾವ ಲಾರಿ ರೀ? ಎದುರು ಮನೆಯವರು ಹಣ್ಣು ತಂದು ಕೊಟ್ಟು ಹೋದ್ರು. ನೀವು ಬದುಕಿದ್ದೇ ಹೆಚ್ಚಂತೆ. ನಾನು ಅಳಬೇಕಾ, ನಗಬೇಕಾ?”

“ಮತ್ತೇನು, ನಿನ್ನ ತಂಗಿ ಗಂಡನ ಆಟದ ಸಾಮಾನಿಗೆ ಸೋತೆ ಅಂತ ಬೀದಿಗೆಲ್ಲ ಡಂಗುರ ಹೊಡೀಲಾ? ಲಾರಿಗೆ ಸೋತವನಿಗೆ ಒಂದು ಮರ್ಯಾದೆ ಇರತ್ತೆ ಕಣೇ.”

“ನಿಮ್ಮ ಮರ್ಯಾದೆಗೆ ಬೆಂಕಿ ಹಾಕ. ಆ ಸೇಬು ನಾನು ವಾಪಸ್ ಕೊಡಲ್ಲ, ಹೇಳಿರ್ತೀನಿ.”

ಲಾರಿಗಳ ಸ್ವಭಾವವೇ ಹಾಗೆ, ಖಾಲಿ ಓಡುವುದಿಲ್ಲ. ಮಂಗಳವಾರ ಅದು ಮರಳು ತುಂಬಿಕೊಂಡಿತು. ಬುಧವಾರ ಬ್ರೇಕು ಕಳೆದುಕೊಂಡಿತು. ಗುರುವಾರದ ಹೊತ್ತಿಗೆ ಅದರ ಡ್ರೈವರು ನಿದ್ದೆ ಹೋಗಿದ್ದ. ಮೇಷ್ಟ್ರು ಯಾವುದನ್ನೂ ತಾವಾಗಿ ಹೇಳಿದವರಲ್ಲ. ಜನ ಕೇಳಿದಾಗ ಇಲ್ಲ ಎನ್ನಲಿಲ್ಲ, ಅಷ್ಟೆ. ಈ ನಡುವೆ ಕಲಿಯುವವರು ಒಂದು ಹೊಸ ಗೌರವದಿಂದ ಅವರ ಹೆಬ್ಬೆರಳನ್ನು ನೋಡುತ್ತಿದ್ದರು. ಆ ವಾರ ಮೇಷ್ಟ್ರು ಬಹಳ ದಿನಗಳ ನಂತರ ಹೊಟ್ಟೆತುಂಬ ಉಂಡರು.

ಶುಕ್ರವಾರ ಡ್ರೈವಿಂಗ್ ಸ್ಕೂಲಿನ ಯಜಮಾನಿ ಕರೆಸಿದರು. ದಪ್ಪ ಕೀ ಗೊಂಚಲನ್ನು ಮೇಜಿನ ಮೇಲೆ ಕುಟ್ಟದೆ ಮಾತಾಡಲಾಗದ ಹೆಂಗಸು.

“ನನ್ನ ನಾಲ್ಕು ಗಾಡೀನೂ ಸುತ್ತಾಡಿ ನೋಡಿದೆ ಮೇಷ್ಟ್ರೇ. ಒಂದು ಗೀರಿಲ್ಲ. ನೀವು ಹೊಡೆದಿದ್ದು ಯಾವ ಗಾಡಿ?”

“ಅದು… ಸ್ನೇಹಿತರ ಗಾಡಿ ಮೇಡಂ.”

“ನಿಮಗೆ ಸ್ನೇಹಿತರು ಯಾರಿದ್ದಾರೆ?” ಕೀ ಗೊಂಚಲು ಕುಟ್ಟಿತು. “ಇರ್ಲಿ. ಇದನ್ನ ಓದಿ. ಲೈಸೆನ್ಸ್ ಆಫೀಸಿಂದ ಬಂದಿದೆ.”

ಕ್ಯಾಷಿಯರಮ್ಮ ತಮ್ಮ ಗುರುಗಳಿಗೆ ಅನ್ಯಾಯವಾಗಿದ್ದನ್ನು ಸಹಿಸದೆ, ಆ ಲಾರಿಯನ್ನು ಹಿಡಿದು ಶಿಕ್ಷಿಸಬೇಕೆಂದು ಎರಡು ಪುಟದ ದೂರು ಕೊಟ್ಟಿದ್ದರು. ದಿನ, ವಾರ, ಗಾಯದ ವಿವರ, ಸಾಕ್ಷಿಯಾಗಿ ಷಡ್ಡಕ: ಒಂದಕ್ಷರ ತಪ್ಪಿರಲಿಲ್ಲ. ಕೆಳಗೆ ಆಫೀಸಿನ ಟಿಪ್ಪಣಿ. ಕಲಿಸುವವರೇ ಅಪಘಾತ ಮಾಡಿಕೊಂಡರೆ ಒಂದು ತಿಂಗಳು ಕಲಿಸುವ ಸೀಟಿಗೆ ಹತ್ತುವಂತಿಲ್ಲ. ಆಮೇಲೆ ಸ್ಟೀರಿಂಗ್ ಹಿಡಿದು ಹೊಸದಾಗಿ ಪರೀಕ್ಷೆ ಕೊಡಬೇಕು. ಸೋಮವಾರ ಹತ್ತೂವರೆಗೆ ಸಾಕ್ಷಿಯೊಡನೆ ಹಾಜರಾಗುವುದು.

‘ಸ್ಟೀರಿಂಗ್ ಹಿಡಿದು’ ಎಂಬ ಎರಡು ಪದಗಳನ್ನು ಮೇಷ್ಟ್ರು ಮೂರು ಸಲ ಓದಿದರು.

“ತಿಂಗಳು ರಜೆ ಅಂದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗತ್ತೆ,” ಎಂದರು ಯಜಮಾನಿ. “ಅಪಘಾತ ಆಗಿಲ್ಲ ಅಂತಾದ್ರೆ ಹೋಗಿ ಹೇಳಿ ಬನ್ನಿ, ಮುಗೀತು. ಆಗಿದೆ ಅಂತಾದ್ರೆ ನಮಸ್ಕಾರ.”

ಹೀಗೆ ಮೇಷ್ಟ್ರನ್ನು ಉಳಿಸಬಲ್ಲವನು ಲೋಕದಲ್ಲಿ ಒಬ್ಬನೇ ಆದ. ವಿಧಿ ಇಷ್ಟು ಸಣ್ಣ ಬುದ್ಧಿ ತೋರಿಸಬಾರದಿತ್ತು.

ಮೇಷ್ಟ್ರು ಫೋನ್ ಮಾಡಲಿಲ್ಲ, ಹೆಂಡತಿ ಮಾಡಿದಳು. ಕನ್ನಡಕದವ ನಗಲಿಲ್ಲ. “ಅಣ್ಣನ ಕೆಲಸಕ್ಕೆ ತೊಂದರೆ ಅಂದ್ರೆ ಅಂಗಡಿ ಮುಚ್ಚಿ ಬರ್ತೀನಿ ಅತ್ತಿಗೆ,” ಎಂದ. ಅವನು ನಕ್ಕಿದ್ದರೆ ಮೇಷ್ಟ್ರಿಗೆ ಅಷ್ಟು ಉರಿಯುತ್ತಿರಲಿಲ್ಲ.

ಸೋಮವಾರ ಲೈಸೆನ್ಸ್ ಆಫೀಸಿನಲ್ಲಿ ಇನ್‌ಸ್ಪೆಕ್ಟರ ಮೇಜಿನ ಸುತ್ತ ಯಜಮಾನಿ, ಕ್ಯಾಷಿಯರಮ್ಮ, ಮೇಷ್ಟ್ರು ಕೂತಿದ್ದರು. ಕನ್ನಡಕದವ ಬಸ್ಸಿನಲ್ಲಿ ಬಂದ, ಕಂಕುಳಲ್ಲಿ ಲ್ಯಾಪ್‌ಟಾಪು. ಕೂರುವ ಮೊದಲೇ ಅವನ ಕಣ್ಣು ಇನ್‌ಸ್ಪೆಕ್ಟರ ಮೂಗಿನ ಮೇಲೆ ಹೋಯಿತು.

“ಸಾರ್, ತಪ್ಪು ತಿಳ್ಕೋಬೇಡಿ. ನಿಮ್ಮ ಫ್ರೇಮು ಒಂದು ಕಡೆ ವಾಲಿದೆ. ಕತ್ತು ನೋವು ಬರ್ತಿರಬೇಕಲ್ಲ?”

“ಎರಡು ವರ್ಷದಿಂದ ಕಣ್ರೀ! ನಿಮಗೆ ಹೇಗೆ ಗೊತ್ತಾಯ್ತು?”

ಕನ್ನಡಕದವ ಅದನ್ನು ಇಸಿದುಕೊಂಡು, ಜೇಬಿನಿಂದ ಸಣ್ಣ ಇಕ್ಕಳ ತೆಗೆದು ಎರಡು ಕಡೆ ಹಿಚುಕಿ, ಒರೆಸಿ, ತಾನೇ ತೊಡಿಸಿದ. ಇನ್‌ಸ್ಪೆಕ್ಟರು ಕತ್ತನ್ನು ಅತ್ತ ಇತ್ತ ತಿರುಗಿಸಿ, ಹೊಸದಾಗಿ ಹುಟ್ಟಿದವರಂತೆ ಕಚೇರಿಯನ್ನು ನೋಡಿದರು. ಆಮೇಲೆ ಅವರು ಮೇಷ್ಟ್ರನ್ನು ಮಾತಾಡಿಸಿದ್ದು ಕಡಿಮೆ.

“ಅಪಘಾತ ಆಗೇ ಇಲ್ಲ ಸಾರ್. ಅಣ್ಣ ನಮ್ಮ ಮನೇಲಿ ಸಿಮ್ಯುಲೇಟರಲ್ಲಿ ಓಡಿಸಿದ್ರು. ಪೆಟ್ಟು ಅದರ ಸ್ಟೀರಿಂಗಿಂದ ಆಗಿದ್ದು. ಪ್ರತಿ ಓಟಾನೂ ಅದರಲ್ಲಿ ದಾಖಲಾಗಿರತ್ತೆ, ನೋಡಿ.”

ಲ್ಯಾಪ್‌ಟಾಪು ತೆರೆಯಿತು. ಮೊದಲನೇ ಗೋಡೆ ಬಂತು. ಕನ್ನಡಕದವ ಕೋನ ಬದಲಿಸಿ ಅದೇ ಗೋಡೆಯನ್ನು ಮೇಲಿನಿಂದ ತೋರಿಸಿದ, ಆಮೇಲೆ ಚಕ್ರದ ಬಳಿಯಿಂದ. ಪಕ್ಕದ ಮೇಜಿನ ಗುಮಾಸ್ತರು ಎದ್ದು ಬಂದರು. ಫೋಟೋ ತೆಗೆಯುವವರು ಬಂದರು. ಸಾಲಿನಲ್ಲಿ ನಿಂತ ಜನ ಸಾಲನ್ನು ಇಲ್ಲಿಗೇ ತಂದರು.

“ಇದು ಎಷ್ಟನೇದು?” ಎಂದರು ಇನ್‌ಸ್ಪೆಕ್ಟರು.

“ಎಂಟು ಸಾರ್. ಸ್ವಲ್ಪ ತಾಳಿ, ಇದರ ಮುಂದಿನದರಲ್ಲಿ ಚಕ್ರ ಕಳಚತ್ತೆ.”

ಚಕ್ರ ಕಳಚಿತು. ಸಾಲಿನಲ್ಲಿದ್ದ ಯಾರೋ ಚಪ್ಪಾಳೆ ತಟ್ಟಿದರು.

“ಅಲ್ಲಾ ಸಾರ್,” ಎಂದರು ಕ್ಯಾಷಿಯರಮ್ಮ ಗದ್ಗದವಾಗಿ, “ನಾಲ್ಕು ತಿಂಗಳು ನಾನು ಇವರ ಹತ್ರಾನೇ ಕಲ್ತಿದ್ದೀನಲ್ಲ, ನನ್ನ ಗತಿ ಏನು?”

ಹದಿನಾಲ್ಕೂ ಮುಗಿದ ಮೇಲೆ ಇನ್‌ಸ್ಪೆಕ್ಟರು ಒಂದು ಕಾಗದ ಎಳೆದುಕೊಂಡರು. “ಸರಿ, ದೂರು ಮುಚ್ಚೋಣ. ಎರಡು ಸಾಲು ಸಾಕು. ಅಪಘಾತ ನಡೆದಿಲ್ಲ ಅಂತ ಮೇಷ್ಟ್ರು ಬರೀಲಿ. ಅದರ ಕೆಳಗೆ ಇವರ ಚಾಲನೆ ಬಗ್ಗೆ ಸಾಕ್ಷಿ ಅಭಿಪ್ರಾಯ ಬರೆದು ಸಹಿ ಹಾಕಲಿ. ಇವತ್ತೇ ಕೆಲಸಕ್ಕೆ ಹೋಗಬಹುದು.”

ಮೇಷ್ಟ್ರು ಬರೆದರು. ಹದಿನಾಲ್ಕು ಗೋಡೆ ನೋಡಿದವರಿಗೆ ಇನ್ನೇನು ಉಳಿದಿದೆ, ಎರಡು ನಿಮಿಷ ಕಲ್ಲಾಗಿ ಕೂತರೆ ಕೆಲಸ ಉಳಿಯುತ್ತದೆ ಎಂದುಕೊಂಡರು. ಕನ್ನಡಕದವ ಪೆನ್ನಿನ ತುದಿ ಕಚ್ಚಿ ಯೋಚಿಸಿದ. ಅಣ್ಣನಿಗೆ ಒಳ್ಳೆಯದಾಗಬೇಕೆಂದು ಮನಸಾರೆ ಬಯಸಿ, ದುಂಡಗಿನ ಅಕ್ಷರದಲ್ಲಿ ಬರೆದ. ಇನ್‌ಸ್ಪೆಕ್ಟರು ಹೊಸ ಕಣ್ಣುಗಳ ಸಂತೋಷದಲ್ಲಿ ಅದನ್ನು ಗಟ್ಟಿಯಾಗಿ ಓದಿದರು:

“‘ಇವರಿಗೆ ಆಸಕ್ತಿ ಇದೆ. ಸರಿಯಾಗಿ ಹೇಳಿಕೊಟ್ಟರೆ ಮುಂದೆ ಚೆನ್ನಾಗಿ ಓಡಿಸುವ ಲಕ್ಷಣಗಳಿವೆ.’ ವಾಹ್, ದೊಡ್ಡ ಮನಸ್ಸು ನಿಮ್ಮದು.”

“ನಮ್ಮ ಅಣ್ಣ ಅಲ್ವಾ ಸಾರ್,” ಎಂದ ಕನ್ನಡಕದವ.

ಮೇಷ್ಟ್ರು ಎದ್ದು ನಿಂತರು. ಕಿವಿಯ ತುದಿ ಕೆಂಪಾಗಿತ್ತು.

“ಸಾರ್, ಲಾರಿ ಇತ್ತು.”

ತಮ್ಮ ಮೇಜಿಗೆ ಹೊರಟಿದ್ದ ಗುಮಾಸ್ತರು ತಿರುಗಿ ಬಂದರು.

“ಯಾವಾಗ ಅಣ್ಣ?” ಕನ್ನಡಕದವ ಗಾಬರಿಯಾದ.

“ಆಮೇಲೆ. ನಿಮ್ಮ ಮನೆಯಿಂದ ಬಂದ ಮೇಲೆ, ಸಾಯಂಕಾಲ. ಸ್ನೇಹಿತರ ಗಾಡಿ. ಹೆಬ್ಬೆರಳು ನೋವಾಗಿದ್ದೂ ಅಲ್ಲೇ. ಆ ಕಾಗದ ಹರಿದುಹಾಕಿ.”

“ಮೇಷ್ಟ್ರೇ, ತಲೆ ಸರಿಯಿದೆಯಾ?” ಯಜಮಾನಿ ಕುಟ್ಟಲು ಕೀ ಗೊಂಚಲು ಹುಡುಕಿದರು. “ಲಾರಿ ಅಂದ್ರೆ ಒಂದು ತಿಂಗಳು ಮನೇಲಿ! ಕೆಲಸ ಹೋಗತ್ತೆ!”

“ಹೋಗ್ಲಿ ಮೇಡಂ.”

“ಮರುಪರೀಕ್ಷೆ ಕೊಡಬೇಕಾಗತ್ತೆ, ಗೊತ್ತಾ?” ಎಂದರು ಇನ್‌ಸ್ಪೆಕ್ಟರು.

“ಕೊಡ್ತೀನಿ.”

“ನಾನು ಮೊದಲೇ ಹೇಳಲಿಲ್ವಾ!” ಎಂದು ಕ್ಯಾಷಿಯರಮ್ಮ ಕಣ್ಣೊರೆಸಿಕೊಂಡರು. “ನಮ್ಮ ಮೇಷ್ಟ್ರು ಸುಮ್ಮಸುಮ್ಮನೆ ಹೊಡೆಯೋರಲ್ಲ. ಲಾರಿ ಇದ್ದೇ ಇತ್ತು.”

ಮೇಷ್ಟ್ರ ಎದೆ ಒಂದಂಗುಲ ಉಬ್ಬಿತು. ಕೆಲಸ ಹೋಗಿತ್ತು, ಲೈಸೆನ್ಸು ಅಲ್ಲಾಡುತ್ತಿತ್ತು, ಆದರೆ ಮರಳು ತುಂಬಿದ, ಬ್ರೇಕಿಲ್ಲದ ಒಂದು ಲಾರಿ ಪೂರ್ತಿಯಾಗಿ ಅವರದಾಗಿತ್ತು. ಅದರಲ್ಲಿ ಕನ್ನಡಕದವನಿಗೆ ಪಾಲಿರಲಿಲ್ಲ.

ಇನ್‌ಸ್ಪೆಕ್ಟರು ನಿಟ್ಟುಸಿರಿಟ್ಟು, ಹಳೆಯ ಕಾಗದ ಹರಿದು ಪಕ್ಕಕ್ಕಿಟ್ಟು, ಹೊಸದು ತೆಗೆದರು. “ಹೇಳಿ. ಹೇಗಾಯ್ತು?”

“ನಾನು ಹೊರಗಿನ ಅಂಚಲ್ಲಿ ತಿರುವಿಗೆ ಬರ್ತಾ ಇದ್ದೆ. ಲಾರಿ ಎದುರಿಂದ ನುಗ್ತು. ಗೋಡೆ ಬಿಟ್ರೆ ಬೇರೆ ದಾರಿ ಇರಲಿಲ್ಲ. ಯಾರಿದ್ರೂ ಅಷ್ಟೇ. ಎಂಥವರಿಗೂ ತಪ್ಪಿಸೋಕೆ ಆಗ್ತಿರಲಿಲ್ಲ.”

ಕನ್ನಡಕದವ ಹರಿದ ಕಾಗದದ ಹಿಂಬದಿಯಲ್ಲಿ ಆಗಲೇ ತಿರುವಿನ ಚಿತ್ರ ಬರೆಯುತ್ತಿದ್ದ. ಅವನ ಮುಖದಲ್ಲಿ ನಿಜವಾದ ಕಳಕಳಿಯಿತ್ತು.

“ಅಣ್ಣ, ಒಂದು ನಿಮಿಷ. ಇಲ್ಲಿ ನೋಡಿ ಸಾರ್. ಅಣ್ಣ ಹೊರಗೇ ಉಳಿದ್ರು, ಅದೇ ತಪ್ಪಾಗಿದ್ದು. ಈ ಜಾಗದಲ್ಲಿ ಒಂದೇ ಸಲ ಜೋರಾಗಿ ಬ್ರೇಕ್ ಒತ್ತಿ, ಬಿಟ್ಟು, ಒಳಗಿನ ಅಂಚಿಗೆ ನುಗ್ಗಬೇಕಿತ್ತು. ಲಾರಿ ಮೂತಿ ಆ ಕಡೆ ಹೋಗತ್ತೆ, ನಾವು ಈ ಕಡೆಯಿಂದ ಆಚೆ. ಆರಾಮಾಗಿ.”

ಇನ್‌ಸ್ಪೆಕ್ಟರು ಬಗ್ಗಿ ನೋಡಿದರು. ಯಜಮಾನಿ ಬಗ್ಗಿದರು. ಗುಮಾಸ್ತರೆಲ್ಲ ತಲೆದೂಗಿದರು. ಕ್ಯಾಷಿಯರಮ್ಮ ಚಿತ್ರವನ್ನು ತಮ್ಮ ಕಡೆ ತಿರುಗಿಸಿಕೊಂಡು, “ಎಷ್ಟು ಸುಲಭವಾಗಿ ಹೇಳಿಕೊಡ್ತೀರಿ! ನೀವು ಪಾಠ ಮಾಡ್ತೀರಾ?” ಎಂದರು.

“ಹೌದಲ್ರೀ, ಇವರಾಗಿದ್ರೆ ತಪ್ಪಿಸ್ಕೊಳ್ತಿದ್ರು,” ಎಂದರು ಇನ್‌ಸ್ಪೆಕ್ಟರು, ಮತ್ತು ಅದನ್ನು ಬರೆದುಕೊಳ್ಳಲು ಪೆನ್ನು ಎತ್ತಿದರು.

ಮೇಷ್ಟ್ರು ಕೈಚಾಚಿ ಆ ಪೆನ್ನು ಹಿಡಿದರು.

“ಎರಡು ಲಾರಿ ಸಾರ್, ಬರ್ಕೊಳ್ಳಿ,” ಎಂದರು. “ಒಳಗಡೆ ಒಂದು, ಹೊರಗಡೆ ಒಂದು.”